ಮೇಸ್ತ್ರಿಯ ಮಗಳ ಶೂ

ಟೈಲ್ಸ್ ಮೇಸ್ತ್ರಿ ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ಇಟ್ಟಲ್ಲೇ ನಿಲ್ಲುತ್ತದೆ ಎಂದು ಅವನ ಜೊತೆ ಕೆಲಸ ಮಾಡುವವರು ಹೇಳುತ್ತಿದ್ದರು. ಅಂಥ ನೆಲದ ಮೇಲೂ ಅವನ ಏಳು ವರ್ಷದ ಮಗಳು ಎಡವಿ ಬೀಳುತ್ತಿದ್ದಳು. ಅಂಗಿಯ ಗುಂಡಿ ಹಾಕಲು ಅವಳ ಬೆರಳುಗಳು ತಡವರಿಸುತ್ತಿದ್ದವು. ಎಸೆದ ಚೆಂಡು ಎದೆಗೆ ಬಡಿದ ಮೇಲೆ ಕೈ ಮುಂದೆ ಬರುತ್ತಿತ್ತು. ಮಾತು ಮಾತ್ರ ಅರಳು ಹುರಿದಂತೆ. ಬಿದ್ದಾಗಲೆಲ್ಲ ‘ದಡಬಡ ರಾಣಿ ಬಿದ್ಲು’ ಎಂದು ತಾನೇ ಮೊದಲು ನಗುತ್ತಿದ್ದಳು. ಹಾಗಾಗಿ ಮನೆಯಲ್ಲೂ ಅವಳಿಗೆ ರಾಣಿ ಎಂದೇ ಹೆಸರು.

ಫಿಸಿಯೋಥೆರಪಿ ಮೇಡಂ ಅವಳನ್ನು ಆಸ್ಪತ್ರೆಯ ಹಜಾರದಲ್ಲಿ ನಡೆಸಿ ನೋಡಿ, ಪಾದದ ಅಚ್ಚು ತೆಗೆದು, ಶೂ ಒಳಗಿಡಲು ಒಂದು ಜೊತೆ ಅಟ್ಟೆ ಮಾಡಿಸಿಕೊಟ್ಟರು.

“ಇದ್ರಿಂದ ತೊಂದರೆ ವಾಸಿ ಆಗಲ್ಲ. ಪಾದಕ್ಕೆ ಆಸರೆ ಸಿಗುತ್ತೆ, ನಡಿಗೆ ಸ್ವಲ್ಪ ಸುಧಾರಿಸಬಹುದು. ಎಲ್ಲ ಮಕ್ಕಳಿಗೂ ಒಂದೇ ಥರ ಆಗಲ್ಲ. ಶೂನಲ್ಲಿರೋ ಹಳೇ ಅಟ್ಟೆ ತೆಗೆದು ಇದನ್ನ ಹಾಕಿ. ವ್ಯಾಯಾಮ ಬಿಡಬೇಡಿ.”

ಮೇಸ್ತ್ರಿಯ ಕಿವಿಗೆ ಬಿದ್ದದ್ದು ‘ಸುಧಾರಿಸಬಹುದು’ ಎಂಬುದೊಂದೇ.

ಆ ಸಂಜೆ ಅವನೇ ಶೂ ತೊಡಿಸಿದ. ಮಗಳು ಅಡುಗೆಮನೆಯಿಂದ ಬೀದಿಬಾಗಿಲವರೆಗೆ ಬೀಳದೆ ಬಂದಳು. ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳನ್ನು ಹೆಗಲಿಗೇರಿಸಿಕೊಂಡು ಪಕ್ಕದ ಮನೆಯವರನ್ನೆಲ್ಲ ಕರೆದ. ಅಂದಿನಿಂದ ಕೆಲಸ ಮುಗಿಸಿ ಬಂದವನೇ ಓಣಿಯ ಕೊನೆಯವರೆಗೆ ಅವಳನ್ನು ನಡೆಸುತ್ತಿದ್ದ.

“ಹೀಗೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದ್ರೆ ಮಗು ಹೆದರಲ್ವೇನ್ರೀ?” ಎಂದಳು ಹೆಂಡತಿ.

“ನೀನು ಸುಮ್ನಿರೇ. ಎಷ್ಟು ನೆಟ್ಟಗೆ ನಡೀತಾಳೆ ನೋಡು!”

ರಾಣಿ ತುಟಿ ಕಚ್ಚಿಕೊಂಡು ನಡೆಯುತ್ತಿದ್ದಳು. ಅದನ್ನು ಅವನು ಛಲವೆಂದುಕೊಂಡ.

ಮುಂದಿನ ವಾರ ಶಾಲೆಯಿಂದ ಫೋನ್ ಬಂತು. ಸಿಮೆಂಟ್ ಮೆತ್ತಿದ ಕೈಯಲ್ಲೇ ಓಡಿದ. ಮೆಟ್ಟಿಲಲ್ಲಿ ಬಿದ್ದು ಅವಳ ಗದ್ದ ಒಡೆದಿತ್ತು. ಟೀಚರು ಶೂ ಬಿಚ್ಚಿಸಿದ್ದರು. ಎರಡೂ ಹಿಮ್ಮಡಿಯ ಚರ್ಮ ಕಿತ್ತು, ಸಾಕ್ಸು ರಕ್ತಕ್ಕೆ ಅಂಟಿಕೊಂಡಿತ್ತು.

“ಇಷ್ಟು ನೋವಿದ್ರೂ ಯಾಕಮ್ಮ ಹೇಳ್ಲಿಲ್ಲ?”

“ನೀನು ಖುಷಿಯಾಗಿದ್ದೆ ಅಲ್ವಾ ಅಪ್ಪ.”

ಅವನು ಶೂಗಳನ್ನು ಕೈಯಲ್ಲಿ ಹಿಡಿದು, ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟ.

ಆಸ್ಪತ್ರೆಯಲ್ಲಿ ಮೇಡಂ ಶೂ ಒಳಗೆ ಬೆರಳು ತೂರಿಸಿ, ಹೊಸದರ ಅಡಿಯಿಂದ ಹಳೆಯ ಅಟ್ಟೆಯನ್ನು ಎಳೆದು ತೆಗೆದರು. ಎರಡೂ ಸೇರಿ ಕಾಲು ಮೇಲೆದ್ದು, ಹಿಮ್ಮಡಿ ಶೂ ಅಂಚಿಗೆ ಉಜ್ಜುತ್ತಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನಿಸಿತು ಅವನಿಗೆ.

ಗಾಯ ಮಾಗಿತು. ಹಳೆಯ ಅಟ್ಟೆ ತೆಗೆದ ಶೂನಲ್ಲಿ ರಾಣಿಗೆ ಕೊಂಚ ಹಿಡಿತ ಬಂದಿದೆ. ಶಾಲೆಯ ದಾರಿಯಲ್ಲಿ ಸುಸ್ತಾಗಿ ಕೂರುವುದು ಕಡಿಮೆಯಾಗಿದೆ. ಬೀಳುವುದು ನಿಂತಿಲ್ಲ. ಮೆಟ್ಟಿಲೆಂದರೆ ಈಗಲೂ ಅಮ್ಮನ ಕೈ ಬೇಕು. ಓಣಿಯ ನಡಿಗೆಯನ್ನು ಮೇಸ್ತ್ರಿ ಬಿಟ್ಟುಬಿಟ್ಟ.

“ಇವತ್ತು ನೋವಾಯ್ತಾ?” ಎಂದು ಮಾತ್ರ ದಿನವೂ ಕೇಳುತ್ತಾನೆ.

“ಇಲ್ಲಪ್ಪ,” ಎಂದು ನಗುತ್ತಾಳೆ.

ಆ ನಗುವನ್ನು ನಂಬಬೇಕೋ ಬೇಡವೋ ಅವನಿಗೆ ತಿಳಿಯುವುದಿಲ್ಲ. ಮಂಡಿಯೂರಿ ಕೂತು ಅವಳ ಸಾಕ್ಸು ಕಳಚಿ, ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಅವಳ ಮುಖವನ್ನೇ ನೋಡುತ್ತಾನೆ.