ಮೊದಲ ಮುಟ್ಟಿ ನೋಡ್ರಿ

ಹುಮನಾಬಾದಿನಲ್ಲಿ ನಮ್ಮ ಅಂಗಡಿಯ ಪಕ್ಕದಲ್ಲಿದ್ದ ರೇಡಿಯೋ ರಿಪೇರಿಯವರು ಯಾವ ಯಂತ್ರ ಬಂದರೂ, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವಂತೆ ಹಿಂಗೈ ಇಡುತ್ತಿದ್ದರು. "ಮೊದಲ ಮುಟ್ಟಿ ನೋಡ್ರಿ" ಎನ್ನುವುದು ಅವರ ಮಾತು.

ಎಂಬತ್ತರ ದಶಕದಲ್ಲಿ ಅವರು ರಿಮೋಟಿನಿಂದ ಓಡುವ ಮೊಳದುದ್ದದ ದೋಣಿ ಮಾಡಿದರು. ಅದರ ವೇಗ ಹೆಚ್ಚುಕಡಿಮೆ ಮಾಡಲು ಎರಡು ಎಲೆಕ್ಟ್ರಾನಿಕ್ ಡಬ್ಬಿ ಕಟ್ಟಿದ್ದರು. ಬಿಸಿಯಾಗುತ್ತದೆಂದು ಒಂದಕ್ಕೆ, ಬೇಸಿಗೆಯಲ್ಲಿ ನೀರಿನ ಸುರಾಯಿಗೆ ಸುತ್ತುವಂತೆ, ಒದ್ದೆ ಬಟ್ಟೆ ಸುತ್ತಿದರು; ನೀರು ಒಳಗಿಳಿದು ಆ ಡಬ್ಬಿ ಸುಟ್ಟುಹೋಯಿತು.

ಉಳಿದ ಒಂದೇ ಡಬ್ಬಿಗೆ ಹಳೇ ಫ್ರಿಜ್ಜಿನ ತಾಮ್ರದ ಕೊಳವೆ ಸುತ್ತಿದರು. ಬಸವಕಲ್ಯಾಣದ ಕೆರೆಯಲ್ಲಿ ದೋಣಿ ಓಡಿದಷ್ಟೂ ನೀರು ಕೊಳವೆಯೊಳಗೆ ಹೊಕ್ಕು ಪಕ್ಕದ ತೂತಿನಿಂದ ಹೊರಬೀಳುತ್ತಿತ್ತು. ನಾವೆಲ್ಲ ದೋಣಿ ನೋಡುತ್ತಿದ್ದೆವು. ಅವರು ಆ ನೀರನ್ನೇ ನೋಡುತ್ತಿದ್ದರು.

ದೋಣಿ ದಡಕ್ಕೆ ಬಂದೊಡನೆ ನನ್ನ ಕೈ ಹಿಡಿದು, ತೂತಿನಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ಆ ನೀರಿಗೆ ಒಡ್ಡಿದರು. ಬೆಚ್ಚಗಿತ್ತು.

"ಡಬ್ಬಿ ಜ್ವರ ಇಳಿಯಾಕತ್ತದ ನೋಡ್ರಿ" ಎಂದರು.