ಮೊದಲ ಬೆಂಚಿನ ಮುನಿಸು

ಬೀದಿಯವರೆಲ್ಲ ಅತ್ತಿಗೆ ಎಂದೇ ಕರೆಯುವ ಟೈಲರಮ್ಮ ದೇವರ ಹತ್ತಿರ ಮಾತು ಬಿಟ್ಟಿದ್ದಾಳೆ, ಆ ವಿಷಯವನ್ನು ದಿನಾ ಬೆಳಿಗ್ಗೆ ಅವನಿಗೆ ತಾನೇ ಹೇಳುತ್ತಾಳೆ. ಅಂಗಡಿ ಬಾಗಿಲು ತೆಗೆದು, ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು, "ಇವತ್ತೂ ನಿನ್ನ ಹತ್ತಿರ ಮಾತಿಲ್ಲ, ಯಾಕೆ ಅಂತ ಕೇಳು" ಎಂದು ಶುರು ಮಾಡಿದರೆ ಮಧ್ಯಾಹ್ನದ ಊಟದವರೆಗೂ ಬಾಯಿಗೆ ಬಿಡುವಿಲ್ಲ. ಅಳತೆ ಕೊಡಲು ಬಂದವರು ತಮಗೇ ಬೈದಳೆಂದು ಬೆಚ್ಚಿದರೆ, "ನಿಮಗಲ್ಲ, ಕೈ ಎತ್ತಿ" ಎಂದು ಟೇಪು ಸುತ್ತುತ್ತಾಳೆ. "ದೇವರ ಜೊತೆ ಹೀಗೆ ಜಗಳ ಆಡ್ತಾರೇನಮ್ಮ?" ಎಂದ ಪಾದ್ರಿಗೆ, "ನಮ್ಮಿಬ್ಬರ ಮಧ್ಯೆ ನೀವು ಬರಬೇಡಿ ಫಾದರ್" ಎಂದುಬಿಟ್ಟಳು. ಆದರೆ ಭಾನುವಾರ ತಪ್ಪಿಸಿದವಳಲ್ಲ. ಚರ್ಚಿನಲ್ಲಿ ಎಲ್ಲರೂ ಹಾಡುವಾಗ, ತುಟಿ ಹೊಲಿದುಕೊಂಡವಳಂತೆ ಕೈಕಟ್ಟಿ ಮೊದಲ ಬೆಂಚಿನಲ್ಲಿ ಕೂತಿರುತ್ತಾಳೆ. ಮಗಳು ಬದುಕಿದ್ದ ಕಾಲದಲ್ಲಿ ಅತ್ತಿಗೆಯ ಜಾಗ ಕೊನೆಯ ಬೆಂಚು. ಬಾಯಿಪಾಠದ ಪ್ರಾರ್ಥನೆ ಒಪ್ಪಿಸಿ, ಪಾದ್ರಿಯ ಪ್ರಸಂಗ ಶುರುವಾದರೆ ಸಾಕು, ತೂಕಡಿಸುತ್ತಿದ್ದಳು. ಜ್ವರ ಬಂದು ಮಗಳು ತೀರಿಕೊಂಡ ಮೇಲಿನ ಭಾನುವಾರ ನೇರ ಮುಂದೆ ಬಂದು ಕೂತವಳು ಅಲ್ಲಿಂದ ಕದಲಿಲ್ಲ, ಒಂದು ದಿನವೂ ತೂಕಡಿಸಿಲ್ಲ. "ಇಷ್ಟು ಕೋಪ ಇದ್ರೆ ಯಾಕೆ ಬರ್ತೀರಿ ಅತ್ತಿಗೆ?" ಎಂದು ಪಕ್ಕದಲ್ಲಿ ಕೂತ ನಾದಿನಿ ಒಮ್ಮೆ ಕೇಳಿಯೇಬಿಟ್ಟಳು. "ಮಾತು ಬಿಟ್ಟಿದ್ದೀನಿ ಕಣೆ, ಮನೆ ಬಿಟ್ಟಿಲ್ಲ. ಎಲ್ಲ ಚೆನ್ನಾಗಿದ್ದಾಗ ನನಗೆ ಅವನ ಗುರುತೇ ಇರಲಿಲ್ಲ. ಗುರುತಿಲ್ಲದವರ ಮೇಲೆ ಯಾರಾದ್ರೂ ಮುನಿಸ್ಕೊಳ್ತಾರಾ? ಸ್ವಲ್ಪ ಆ ಕಡೆ ಜರುಗು, ಅವನಿಗೆ ನನ್ನ ಮುಖ ಕಾಣಬೇಕು."