ಅಮೆರಿಕದ ಪೇಪರಿನ ಇಂದುಮತಿ ಮೇಡಂ

ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಇಂದುಮತಿ ಮೇಡಂ ಅಂದರೆ ಅಮೆರಿಕ, ಅಮೆರಿಕ ಅಂದರೆ ಇಂದುಮತಿ ಮೇಡಂ. ಬಿ.ಎ. ಕೊನೆಯ ವರ್ಷದ ‘ಅಮೆರಿಕದ ಇತಿಹಾಸ’ ಪೇಪರನ್ನು ಬೇರೆ ಯಾರಾದರೂ ಮುಟ್ಟಿದರೆ ಅವರಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಹಾಗಂತ ಅಮೆರಿಕ ಕಂಡವರೇನಲ್ಲ. ನಿವೃತ್ತಿಯಾದ ಮೇಲೆ ಡಾಕ್ಟರ್ ಮಗಳು ಅಪರ್ಣಾ ಕರೆಸಿಕೊಂಡದ್ದು ಬ್ರಿಸ್ಬೇನಿಗೆ. “ಗುರಿ ಸ್ವಲ್ಪ ತಪ್ಪಿತು ಅಷ್ಟೆ” ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಫಾರೆಸ್ಟ್ ಲೇಕಿನ ಮಗಳ ಮನೆಗೆ ಬಂದಿಳಿದರು. ಸಂಜೆ ಕೆರೆಯ ಸುತ್ತ ನಡೆಯುವಾಗ ಸಿಕ್ಕಿದ ಕನ್ನಡದವರಿಗೆಲ್ಲ ಲಿಂಕನ್ನನ ಕಾಲದ ಸಂಗತಿಗಳನ್ನು ಹೇಳಿ ಸುಸ್ತು ಮಾಡುತ್ತಿದ್ದರು.

ಅವರ ಪಾಠಗಳಲ್ಲಿ ಹುಡುಗಿಯರು ಕಿವಿಗೊಟ್ಟು ಕೇಳುತ್ತಿದ್ದದ್ದು ಯುದ್ಧದ ಪಾಠವನ್ನಲ್ಲ, ಪೊಲೀಸರ ಶೋಧದ ಪಾಠವನ್ನು. ಬ್ರಿಟಿಷರ ಸುಂಕದ ಅಧಿಕಾರಿಗಳ ಬಳಿ ಒಂದು ಆಜ್ಞಾಪತ್ರ ಇರುತ್ತಿತ್ತು. ಅದರಲ್ಲಿ ಯಾರ ಹೆಸರೂ ಇಲ್ಲ, ಯಾವ ಮನೆಯ ಗುರುತೂ ಇಲ್ಲ. ಅದನ್ನು ಹಿಡಿದುಕೊಂಡು ಬಾಸ್ಟನ್ನಿನಲ್ಲಿ ಯಾರ ಮನೆಗೆ ಬೇಕಾದರೂ ನುಗ್ಗಿ ಕಳ್ಳಸರಕು ಹುಡುಕಬಹುದಿತ್ತು. ಜನರ ಹೊಟ್ಟೆಯೊಳಗಿನ ಆ ಉರಿಯೇ ಮುಂದೆ ಸಂವಿಧಾನದ ನಾಲ್ಕನೆಯ ತಿದ್ದುಪಡಿಗೆ ಕಾರಣವಾಯಿತು. ತಕ್ಕ ಕಾರಣವಿಲ್ಲದೆ ವಾರಂಟು ಕೊಡುವಂತಿಲ್ಲ. ಎಲ್ಲಿ ಹುಡುಕಬೇಕು, ಏನನ್ನು ಹುಡುಕಬೇಕು ಎಂದು ಅದರಲ್ಲಿ ಬರೆದಿರಲೇಬೇಕು. ಇಷ್ಟು ಹೇಳಿ ಮೇಡಂ ಕ್ಯಾಲಿಫೋರ್ನಿಯಾದ ಹೋಟೆಲ್ ಗುಮಾಸ್ತನ ಪ್ರಸಂಗಕ್ಕೆ ಬರುತ್ತಿದ್ದರು. ಪೊಲೀಸರು ಕೇಳಿದರೆಂದು ಆ ಪುಣ್ಯಾತ್ಮ, ಅತಿಥಿ ಹೊರಗೆ ಹೋಗಿದ್ದಾಗ ಅವನ ಕೋಣೆ ತೆರೆದುಕೊಟ್ಟಿದ್ದ. ಹೂಂ ಅನ್ನುವ ಹಕ್ಕು ಅತಿಥಿಯದು, ಗುಮಾಸ್ತನದಲ್ಲ ಎಂದಿತು ಸುಪ್ರೀಂ ಕೋರ್ಟು. ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಿರಿಯುತ್ತ ಬೀಗದ ಕೈ ನೀಡುವ ಗುಮಾಸ್ತನಾಗಿ ನಟಿಸಿದರೆ ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು.

ಅಪರ್ಣಾಳ ಮನೆಯ ಹಿಂದಿನ ಕೋಣೆಯಲ್ಲಿ ಅಮೋಘ ಬಾಡಿಗೆಗಿದ್ದ. ದಾವಣಗೆರೆಯ ಹುಡುಗ, ಅಲ್ಲಿ ಡಾಕ್ಟರಾಗಿದ್ದವನು. ಇಲ್ಲಿನ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ವೈದ್ಯ ಮಂಡಳಿಯ ನೋಂದಣಿಗಾಗಿ ಕಾಯುತ್ತಿದ್ದ. ಅಡಿಲೇಡಿನಲ್ಲಿ, ಸ್ಯಾಲಿಸ್‌ಬರಿ ಕಡೆಯ ಒಂದು ಕ್ಲಿನಿಕ್ಕು ಅವನಿಗೆ ಕೆಲಸ ಕೊಡಲು ಒಪ್ಪಿತ್ತು. ನೋಂದಣಿಯೊಂದು ಕೈಗೆ ಬಂದರೆ ಅವನು ಗೆದ್ದ ಹಾಗೆ. ಅಲ್ಲಿಯವರೆಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನು ಜೋಡಿಸುತ್ತ, ಮೇಡಂ ಮಾಡಿದ ಸಾರನ್ನು ಹೊಗಳುತ್ತ ದಿನ ತಳ್ಳುತ್ತಿದ್ದ.

ಒಮ್ಮೆ ಮನೆಗೆ ಬಂದ ಹೊಸ ಫ್ರಿಜ್ಜು ಎತ್ತಲು ಹೋಗಿ ಅವನ ಸೊಂಟ ಹಿಡಿದುಕೊಂಡಿತು. ಮೇಡಂ ತಮ್ಮ ಡಬ್ಬಿ ತೆಗೆದರು. ಮೈಸೂರಿನಿಂದ ಹೊರಡುವಾಗ ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತುಂಬಿಸಿಕೊಂಡು ಬಂದಿದ್ದ ಮಾತ್ರೆಗಳು. ಒಂದು ಮಾತ್ರೆ ಪಟ್ಟಿಯನ್ನು ಕತ್ತರಿಸಿ ಅವನ ಕೈಗಿಟ್ಟರು.

“ಆಂಟಿ, ಇದು ಸ್ಟ್ರಾಂಗ್ ಪೇನ್‌ಕಿಲ್ಲರ್. ಇಲ್ಲಿ ಪ್ರಿಸ್ಕ್ರಿಪ್ಷನ್ ಇಲ್ದೆ ಇಟ್ಕೊಳ್ಳೋ ಹಾಗಿಲ್ಲ.”

“ತಗೊಳೋ ಸುಮ್ನೆ. ಡಾಕ್ಟರ್ ಆದ್ರೆ ಸೊಂಟ ನೋಯಲ್ವಾ?”

ದೊಡ್ಡವರು ಪ್ರೀತಿಯಿಂದ ಕೊಟ್ಟದ್ದನ್ನು ಮುಖಕ್ಕೆ ಹೊಡೆದ ಹಾಗೆ ವಾಪಸು ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ನುಂಗಲೂ ಇಲ್ಲ, ಬಿಸಾಡಲೂ ಇಲ್ಲ; ಮೇಜಿನ ಡ್ರಾಯರಿಗೆ ಹಾಕಿ ಮರೆತ.

ಅದಾದ ಕೆಲವು ದಿನಗಳಿಗೆ ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ಬಂದರು. ಮನೆಯಲ್ಲಿ ಮೇಡಂ ಒಬ್ಬರೇ. ಹಿಂದಿನ ಬೀದಿಯಲ್ಲಿ ಲ್ಯಾಪ್‌ಟಾಪ್ ಕಳುವಾಗಿದೆ, ಯುವಕನೊಬ್ಬ ಬೇಲಿ ಹಾರಿ ಈ ಕಡೆ ಬಂದದ್ದನ್ನು ಯಾರೋ ನೋಡಿದ್ದಾರೆ, ಹಿಂದಿನ ಕೋಣೆಯನ್ನು ಒಮ್ಮೆ ನೋಡಬಹುದೇ ಎಂದು ಕೇಳಿದರು. ಜೊತೆಯಲ್ಲಿದ್ದ ಪೊಲೀಸ್ ಹುಡುಗಿ, ನಮ್ಮ ಹತ್ತಿರ ವಾರಂಟು ಇಲ್ಲ, ನೀವು ಬೇಡವೆನ್ನಬಹುದು ಎಂದೂ ಬಾಯಿ ಬಿಟ್ಟು ಹೇಳಿದಳು. ಇದಕ್ಕಿಂತ ಬಿಡಿಸಿ ಯಾರು ಹೇಳಬೇಕು?

ಇಂದುಮತಿ ಮೇಡಂ ಹೇಳಿದ್ದು ಇಷ್ಟು: “ನೋ ಪ್ರಾಬ್ಲಂ, ಪ್ಲೀಸ್ ಕಮ್.”

ಖಾಕಿಯೋ ನೀಲಿಯೋ, ಸಮವಸ್ತ್ರ ಕಂಡರೆ ಅವರ ಕೈಕಾಲು ಮೊದಲಿನಿಂದಲೂ ತಣ್ಣಗಾಗುತ್ತಿದ್ದವು. ವೀಸಾ ಬೇರೆ ಮುಂದುವರಿಸಬೇಕಿತ್ತು. ನಮ್ಮದು ಮರ್ಯಾದಸ್ಥರ ಮನೆ, ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ತೋರಿಸಿಕೊಳ್ಳುವ ಜಂಬವೂ ಇತ್ತೆನ್ನಿ. ಗೂಡಿನಲ್ಲಿದ್ದ ಇನ್ನೊಂದು ಬೀಗದ ಕೈ ತಂದು ತಾವೇ ಅಮೋಘನ ಕೋಣೆ ತೆರೆದರು. ಕಾಫಿ ಕುಡಿಯುತ್ತೀರಾ ಎಂದು ಉಪಚಾರ ಮಾಡಿ ಅಡಿಗೆಮನೆಗೂ ಹೋದರು.

ಲ್ಯಾಪ್‌ಟಾಪ್ ಸಿಗಲಿಲ್ಲ. ಹೆಸರಿಲ್ಲದ, ಚೀಟಿಯಿಲ್ಲದ ಮಾತ್ರೆಗಳು ಸಿಕ್ಕವು. ಅಷ್ಟು ಹೊತ್ತಿಗೆ ಅಮೋಘ ಕೆಲಸ ಮುಗಿಸಿ ಬಂದ. ಹಾಸಿಗೆಯ ಮೇಲೆ ಹರಡಿದ ಬಟ್ಟೆಗಳನ್ನು ನೋಡಿದ. ಪೊಲೀಸರ ಕೈಯಲ್ಲಿದ್ದ ಮಾತ್ರೆ ಪಟ್ಟಿಯನ್ನು ನೋಡಿದ, ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಮೇಡಮ್ಮನ್ನು ನೋಡಿದ.

“ನನ್ನವು,” ಎಂದ ಇಂಗ್ಲಿಷಿನಲ್ಲಿ.

ಮೇಡಂ ಕಾಫಿಯನ್ನು ಪೊಲೀಸರ ಮುಂದೆ ಇಟ್ಟರು.

ಸಂಜೆ ಅಪರ್ಣಾ ಎಲ್ಲವನ್ನೂ ಕೇಳಿ ತಲೆ ಹಿಡಿದುಕೊಂಡು ಕೂತಳು. “ಅಮ್ಮ, ಡಾಕ್ಟರ್ ಮನೇಲಿ ಈ ಮಾತ್ರೆ ಡಬ್ಬಿಗಟ್ಟಲೆ ಇತ್ತು ಅಂದ್ರೆ ನನ್ನನ್ನೂ ಕೇಳ್ತಾರೆ. ನಿನ್ನ ವೀಸಾನೂ ಹೋಗ್ಬಹುದು. ಸ್ವಲ್ಪ ದಿನ ಸುಮ್ನಿರು, ಸಣ್ಣ ಕೇಸು, ಮುಗ್ದುಹೋಗುತ್ತೆ.” ಅಮೋಘನೂ ಅದನ್ನೇ ಹೇಳಿದ. ಇಬ್ಬರು ಡಾಕ್ಟರುಗಳೂ ಹೇಳಿದ ಮೇಲೆ ಮೇಡಂ ಸುಮ್ಮನಾದರು. ಸುಮ್ಮನಿರುವುದು ಎಷ್ಟು ಸುಲಭ ನೋಡಿ, ಅದಕ್ಕೆ ಏನೂ ಮಾಡಬೇಕಾಗಿಲ್ಲ.

ಕೇಸು ಸಣ್ಣದೇ. ಆದರೆ ಕೇಸು ಇದೆಯೆಂದು ಮಂಡಳಿಗೆ ತಿಳಿಸಲೇಬೇಕಿತ್ತು. ತಿಳಿಸಿದ ಕೂಡಲೇ ನೋಂದಣಿ ನಿಂತಿತು. ಸ್ಯಾಲಿಸ್‌ಬರಿ ಕ್ಲಿನಿಕ್ಕಿನವರು ಸ್ವಲ್ಪ ಕಾಲ ಕಾದು ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಕೇಸು ಸಾಬೀತಾದರೆ ನೋಂದಣಿಯೇ ಸಿಗದೆಹೋಗುವ ಭಯವಿತ್ತು. ಅಮೋಘ ಹಿತ್ತಿಲಲ್ಲಿ ನಿಂತು ಫೋನಿನಲ್ಲಿ ತಾಯಿಗೆ, “ಏನಿಲ್ಲಮ್ಮ, ಪೇಪರ್ಸ್ ಸ್ವಲ್ಪ ಲೇಟ್ ಆಗ್ತಿದೆ” ಎನ್ನುವುದು ಅಡಿಗೆಮನೆಗೆ ಕೇಳಿಸಿತು.

ಮೇಡಂ ತಮಗೆ ತಾವೇ ಎಷ್ಟೋ ಸಮಾಧಾನ ಹೇಳಿಕೊಂಡರು. ಇದು ಅಮೆರಿಕವಲ್ಲ, ಆ ತಿದ್ದುಪಡಿ ಇಲ್ಲಿ ನಡೆಯುವುದಿಲ್ಲ. ಪೊಲೀಸರು ನುಗ್ಗಲಿಲ್ಲ, ಕೇಳಿಯೇ ಬಂದರು. ಹೌದು, ಕೇಳಿದರು, ಅದೇ ಕುತ್ತಿಗೆಗೆ ಬಂದಿತ್ತು. ಇನ್ನೊಬ್ಬರ ಕೋಣೆಗೆ ಹೂಂ ಅಂದವರು ಯಾರು? ವರ್ಷವರ್ಷವೂ ಗುಮಾಸ್ತನನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದ ಹೆಂಗಸು ತಾನು, ಪಾಪ ಅವನಿಗೆ ಕಾನೂನಾದರೂ ಗೊತ್ತಿರಲಿಲ್ಲ ಎಂದು ನೆನೆದು ನಾಚಿಕೆಯಿಂದ ಕುಗ್ಗಿದರು. ಕೋಣೆ ತೆರೆದದ್ದು ಗಾಬರಿಯಲ್ಲಿ ಆದ ತಪ್ಪು ಅನ್ನಬಹುದಿತ್ತು. ಆಮೇಲೆ ದಿನಾ ಎದ್ದು ಅವನಿಗೆ ತಿಂಡಿ ಬಡಿಸುತ್ತ ಬಾಯಿ ಮುಚ್ಚಿಕೊಂಡಿದ್ದಕ್ಕೆ ಯಾವ ಗಾಬರಿಯ ನೆಪವೂ ಇರಲಿಲ್ಲ.

ಒಂದು ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಮೇಡಂ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಪೊಲೀಸ್ ಠಾಣೆಗೆ ಹೋದರು. ಮಾತ್ರೆ ನನ್ನದು, ಊರಿನಿಂದ ತಂದವಳು ನಾನು, ಬೇಡವೆಂದರೂ ಕೊಟ್ಟವಳು ನಾನು, ಅವನನ್ನು ಕೇಳದೆ ಕೋಣೆ ತೆರೆದವಳೂ ನಾನೇ ಎಂದು ಕ್ಲಾಸಿನಲ್ಲಿ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. ಅಪರ್ಣಾ ಸಿಟ್ಟಿನಿಂದ ಎರಡು ದಿನ ಮಾತು ಬಿಟ್ಟಳು. ಮೇಡಮ್ಮಿಗೆ ಎಚ್ಚರಿಕೆ ಕೊಟ್ಟು ಕಳಿಸಿದರು; ವೀಸಾದ ಗತಿ ಏನಾಗುತ್ತದೋ ಇನ್ನೂ ತಿಳಿದಿಲ್ಲ. ಅಮೋಘನ ಮೇಲಿನ ಕೇಸು ಮಾತ್ರ ವಾಪಸಾಯಿತು. ತಡವಾಗಿಯಾದರೂ ನೋಂದಣಿ ಬಂತು, ಪರ್ತ್‌ನಲ್ಲಿ ಕೆಲಸವೂ ಸಿಕ್ಕಿತು.

ಅವನು ಹೊರಡುವ ದಿನ ಮೇಡಂ ಚಕ್ಕುಲಿ ಮಾಡಿ ತೆಗೆದುಕೊಂಡು ಹೋಗಿ ಕೋಣೆಯ ಬಾಗಿಲು ತಟ್ಟಿ ನಿಂತರು. ಅಮೋಘ ಹೊರಗೆ ಬಂದು ಬಗ್ಗಿ ಕಾಲು ಮುಟ್ಟಿದ.

“ಆಂಟಿ, ನನಗೋಸ್ಕರ ಸ್ಟೇಷನ್ನಿಗೆ ಹೋಗಿ ಬಂದ್ರಲ್ಲ. ಅದನ್ನ ನಾನು ಸಾಯೋವರೆಗೂ ಮರೆಯಲ್ಲ.”

ದನಿಯಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ. ಮೇಡಂ ಕಣ್ಣೊರೆಸಿಕೊಂಡರು. ಇಷ್ಟು ದಿನ ಕೂತಿದ್ದ ಎದೆಯ ಭಾರ ಇಳಿಯಿತು ಅನ್ನಿಸಿತು.

“ಒಬ್ಬನೇ ಎಷ್ಟು ಒದ್ದಾಡ್ತೀಯ? ನಡಿ, ಬಟ್ಟೆ ಮಡಿಸಿಕೊಡ್ತೀನಿ.”

“ಬೇಡ ಆಂಟಿ, ಆಗೋಯ್ತು,” ಎಂದ ಅಮೋಘ ನಗುತ್ತಲೇ. ಹಾಗೆನ್ನುವಾಗ ಅವನ ಎಡಗೈ ಹಿಂದಕ್ಕೆ ಹೋಗಿ ಕೋಣೆಯ ಬಾಗಿಲನ್ನು ಎಳೆದು ಮುಚ್ಚಿತು. ಹಾಗೆ ಮಾಡಿದ್ದು ಅವನಿಗೇ ತಿಳಿದಂತಿರಲಿಲ್ಲ. ಮೇಡಂ ಚಕ್ಕುಲಿಯನ್ನು ಅವನ ಕೈಗೆ ಕೊಟ್ಟು ಅಡಿಗೆಮನೆಗೆ ಹಿಂದಿರುಗಿದರು.